ಏರುಪದದ ನಡುವೆ ಬಾಯಿ ಮುಚ್ಚುವ ಮ್ಯೂಸಿಕ್ ಪ್ಲೇಯರ್ ಕುರಿತು ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಸಹಾಯವಾಣಿಯಲ್ಲಿ ಕಾಯಿಸುವಾಗ ಕೇಳಿಸುವ ಸಂಗೀತ ನನಗೆ ಬಾಯಿಪಾಠವಾಗಿದೆ. ಇನ್ನು ಕಾಗದವೇ ಗತಿ. ಟ್ರ್ಯಾಕ್‌ಗಳ ನಡುವೆ ತಡೆಯಿಲ್ಲದ ಪ್ಲೇಬ್ಯಾಕ್, ಭಾರತೀಯ ಭಾಷೆಗಳ ಲಿಪಿ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದವರು ನೀವೇ. ವಾರಂಟಿಯ ಷರತ್ತು ಬರೆದವರೂ ನೀವೇ. ಅವನ್ನು ನಾನು ಓದಿ ಹೇಳಬೇಕಾಗಿಲ್ಲ.

ಹೊಸನಗರದ ಕಡೆಯ ಮಳೆಗೆ ನನ್ನ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತಲ್ಲೇ ಹಾಡು-ಮಾತಿನಲ್ಲಿ ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯಿತು. ಟೇಪ್‌ರೆಕಾರ್ಡರಿನ ಬೆಲ್ಟ್ ಸಡಿಲವಾಗಿ, ಹಾಡುಗಾರರಾದ ಭಾಗವತರ ಶ್ರುತಿಯೇ ಇಳಿಯಿತು. ಸಿ.ಡಿ.ಗಳು ಚೆನ್ನಾಗಿವೆ, ಆದರೆ ಅವುಗಳ ಪ್ಲೇಯರಿಗೆ ಕರೆಂಟು ಬೇಕು. ಆಷಾಢದಲ್ಲಿ ಅದು ನೆಂಟರ ಹಾಗೆ, ಬಂದರೆ ಬಂತು. ಮೊಬೈಲ್ ಸಿಗ್ನಲ್ ಸಿಗುವುದು ಗುಡ್ಡ ಹತ್ತಿದರೆ. ಆದ್ದರಿಂದ ತಾಳಮದ್ದಳೆಯ ಸಿ.ಡಿ.ಗಳನ್ನು, ಧ್ವನಿಯನ್ನು ಒಂದಿಷ್ಟೂ ಕಳೆಯದೆ ಉಳಿಸುವ ಫ್ಲಾಕ್ ಕಡತಗಳಾಗಿ ಪರಿವರ್ತಿಸಿಕೊಂಡು ನಿಮ್ಮ ಪ್ಲೇಯರ್ ಕೊಂಡೆ.

ಭಾಗವತರು ವೇಗವೇರಿಸಿ ಹಾಡುವ ಏರುಪದ ಕಾವೇರುತ್ತಿದ್ದಂತೆ ಟ್ರ್ಯಾಕ್ ಬದಲಾಗುತ್ತದೆ, ಯಂತ್ರ ಎರಡು ಸೆಕೆಂಡು ಮೌನ ವಹಿಸುತ್ತದೆ. ಕನ್ನಡದ ಹೆಸರುಗಳ ಜಾಗದಲ್ಲಿ ಸಾಲುಸಾಲು ಚೌಕಗಳು. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ ಸುದ್ದಿ ನಿಮ್ಮ ಕಾರ್ಖಾನೆಗೆ ಇನ್ನೂ ತಲುಪಿರಲಿಕ್ಕಿಲ್ಲ.

ಶಿವಮೊಗ್ಗದ ನಿಮ್ಮ ಸೇವಾ ಕೇಂದ್ರದಲ್ಲಿ ನಡೆದುದನ್ನು ಮಾತ್ರ ಪೂರ್ತಿ ಹೇಳಬೇಕು. ಕೌಂಟರಿನ ಯುವಕ ಒಂದು ಕಿವಿಯ ಇಯರ್‌ಬಡ್ ತೆಗೆದ, ಇನ್ನೊಂದನ್ನು ತೆಗೆಯಲಿಲ್ಲ. ಪ್ಲೇಯರನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಸ್ವಲ್ಪ ಕೇಳಿ, "ಹಾಡು ಎಲ್ಲಿದೆ? ಬರೀ ಮಾತೇ ಇದೆಯಲ್ಲ" ಎಂದ. ಅದು ಅರ್ಥಗಾರಿಕೆ, ಪದದ ಅರ್ಥವನ್ನು ಮಾತಿನಲ್ಲಿ ಬಿಡಿಸುವುದು ಎಂದೆ. ಪಕ್ಕದವನನ್ನು ಕರೆದು ಅವನಿಗೂ ಕೇಳಿಸಿದ. ಇಬ್ಬರೂ ನಕ್ಕರು. ಟೋಕನ್ ಹಿಡಿದು ಹಿಂದೆ ನಿಂತಿದ್ದವರೂ ನಕ್ಕರು. ಕಡತದ್ದೇ ದೋಷ ಎಂದ. ಸಿ.ಡಿ.ಯಲ್ಲಿ ಟ್ರ್ಯಾಕ್ ಎಂಬುದು ಗುರುತು ಮಾತ್ರ, ಧ್ವನಿ ಒಂದೇ ಧಾರೆ; ಎಂಪಿ3 ಮಾಡುವಾಗ ಅಂಚಿನಲ್ಲಿ ಮೌನ ಸೇರಿಕೊಳ್ಳುವುದುಂಟು, ಫ್ಲಾಕ್‌ನಲ್ಲಿ ಹಾಗಾಗುವುದಿಲ್ಲ ಎಂದು ವಿವರಿಸಿದೆ. ಆತ ಗಡಿಯಾರ ನೋಡಿದ. "ಎರಡು ಸೆಕೆಂಡು ತಾನೇ ಅಜ್ಜ, ಅಷ್ಟರಲ್ಲಿ ನೀವೂ ಉಸಿರು ತೆಗೆದುಕೊಳ್ಳಿ" ಎಂದ. ಕನ್ನಡ ಅಕ್ಷರಗಳ ಬಗ್ಗೆ ಕೇಳಿದರೆ ಹೆಸರುಗಳನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಬೇಕಂತೆ. ಶಿವಮೊಗ್ಗದಲ್ಲಿ ನಿಂತು ಈ ಸಲಹೆ! ಕೊನೆಗೆ ಚೀಟಿಯಲ್ಲಿ ಬರೆದುಕೊಟ್ಟದ್ದು: "ಉಪಕರಣ ಸರಿಯಿದೆ. ಗ್ರಾಹಕರಿಗೆ ಬಳಕೆಯ ತಿಳಿವಳಿಕೆ ಇಲ್ಲ." ಆ ಸಾಲಿನ ಮೇಲೆ ನಿಮ್ಮ ಸಂಸ್ಥೆಯ ಮೊಹರು ಬಹಳ ಸ್ಪಷ್ಟವಾಗಿ ಬಿದ್ದಿದೆ. ಅಷ್ಟರ ಮಟ್ಟಿಗೆ ಸೇವೆ ಅಚ್ಚುಕಟ್ಟು.

90 ನಿಮಿಷದ ಸಿ-90 ಕ್ಯಾಸೆಟ್ಟನ್ನೂ 45 ನಿಮಿಷಕ್ಕೊಮ್ಮೆ ಮಗುಚಬೇಕಿತ್ತು, ನಿಜ. ಆದರೆ ಎಲ್ಲಿ ನಿಲ್ಲಿಸಬೇಕೆಂದು ಧ್ವನಿಮುದ್ರಿಸಿದವರಿಗೆ ತಿಳಿದಿತ್ತು, ಮತ್ತು ನಿಲ್ಲಿಸಿದಲ್ಲಿಂದಲೇ ಅದು ಮುಂದುವರಿಯುತ್ತಿತ್ತು. ನಿಮ್ಮದು ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಗಣಪತಿ ಸ್ತುತಿಯಿಂದ ಆರಂಭಿಸುತ್ತದೆ. ಭಕ್ತಿ ಮೆಚ್ಚತಕ್ಕದ್ದೇ.

ತಂತ್ರಾಂಶ ಸರಿಪಡಿಸಿ, ಇಲ್ಲವೇ ಹಣ ಹಿಂದಿರುಗಿಸಿ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಶಿವಮೊಗ್ಗದ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ನಿಮ್ಮ ವಕೀಲರು ಮಾತ್ರ ಪ್ರತಿ ವಾಯಿದೆಗೂ ಬೆಂಗಳೂರಿನಿಂದ ಬರಬೇಕಾದೀತು. ಪೆಟ್ಟಿಗೆ, ರಸೀದಿ, ಮೊಹರಿನ ಚೀಟಿ ಮೂರೂ ನನ್ನ ಬಳಿ ಭದ್ರವಾಗಿವೆ. ಇಷ್ಟಾದ ಮೇಲೆ ನೀವು ಹಣ ಕೊಟ್ಟರೂ ಆ ಚೀಟಿಯ ವಿಚಾರದಲ್ಲಿ ಸುಮ್ಮನಿರುತ್ತೇನೆಂದು ಭಾವಿಸಬೇಡಿ.

ಇತಿ,
ಬಳಕೆಯ ತಿಳಿವಳಿಕೆ ಇಲ್ಲದ ಗ್ರಾಹಕ,
ಹೊಸನಗರ ತಾಲ್ಲೂಕು