ಹೈಸ್ಕೂಲಲ್ಲೇ ಸುದ್ದಿ ಬರೆಯಲು ಕಲಿಸಿ

ಸಂಪಾದಕರಿಗೆ ನಮಸ್ಕಾರ.

ಒಂಬತ್ತನೇ ತರಗತಿಯ ನನ್ನ ಮಗಳು ಶಾಲೆಯ ಗೋಡೆಪತ್ರಿಕೆಗೆ ಸುದ್ದಿಯೊಂದನ್ನು ಬರೆದಿದ್ದಳು. 'ನಲ್ಲಿ ಕೆಟ್ಟು ಮಕ್ಕಳಿಗೆ ತುಂಬಾ ತೊಂದರೆ' ಅಂತ ತಲೆಬರಹ. ಯಾವ ನಲ್ಲಿ, ಯಾವತ್ತಿಂದ, ಯಾಕೆ ರಿಪೇರಿ ಆಗಿಲ್ಲ ಎಂದು ಕೇಳಿದೆ. ಉತ್ತರ ಇರಲಿಲ್ಲ. ಮರುದಿನ ನೋಟ್‌ಬುಕ್ ಹಿಡಿದು ಜವಾನರನ್ನೇ ಮಾತಾಡಿಸಿದಳು. ಕೆಟ್ಟಿದ್ದು ನಲ್ಲಿಯಲ್ಲ, ಟ್ಯಾಂಕಿನ ವಾಲ್ವ್! ತಲೆಬರಹವೇ ಬದಲಾಯಿತು.

ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂಬ ಆರು ಪ್ರಶ್ನೆ ಕಲಿಸಲು ಲ್ಯಾಬ್ ಏನೂ ಬೇಕಾಗಿಲ್ಲ. ಮುಖ್ಯ ವಿಷಯ ಮೊದಲ ಸಾಲಲ್ಲೇ ಬರಬೇಕು, ಉಳಿದದ್ದು ಆಮೇಲೆ. ಹೇಳಿದವರು ಯಾರು ಅಂತ ಬರೆಯಬೇಕು. ದೂರು ಯಾರ ಮೇಲಿದೆಯೋ ಅವರನ್ನೂ ಕೇಳಬೇಕು. ತಪ್ಪಾದರೆ ತಿದ್ದುಪಡಿ ಹಾಕಬೇಕು. ಮೊಬೈಲಿಗೆ ಬಂದದ್ದನ್ನೆಲ್ಲ ಸುಮ್ನೆ ಫಾರ್ವರ್ಡ್ ಮಾಡುವ ನಮಗೂ (ನಾನೂ ಸೇರಿ) ಈ ಪಾಠ ಆಗಬೇಕಿತ್ತು, ಅಲ್ವಾ?

ಇನ್ನೊಂದು ಮಾತು. ಗೋಡೆಪತ್ರಿಕೆ ಮಕ್ಕಳದ್ದಾಗಿಯೇ ಇರಲಿ. ಮೇಷ್ಟ್ರು ಬೇಕಾದರೆ ಕಾಗುಣಿತ ತಿದ್ದಲಿ. ಆದರೆ ವಾಲ್ವಿನ ಸುದ್ದಿ ಕಿತ್ತು ಅಲ್ಲಿ ವಾರ್ಷಿಕೋತ್ಸವದ ಫೋಟೊ ಅಂಟಿಸುವುದು ಬೇಡ. ನಮ್ಮಲ್ಲಿ ಆಗಿದ್ದು ಅದೇ.

– ಹೈಸ್ಕೂಲ್ ವಿದ್ಯಾರ್ಥಿನಿಯೊಬ್ಬಳ ತಾಯಿ