ಲಾಡ್ಜ್ ಹಿಡಿಯಲು ಹೊರಟ ಅಳಿಯನಿಗೆ

ಉಪ್ಪಳ, ಕಾಸರಗೋಡು ಜಿಲ್ಲೆ, ಕೇರಳ

ಚಿರಂಜೀವಿ ಪುಟ್ಟನಿಗೆ ಸೋದರಮಾವನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಲೆಕ್ಕ ನೋಡಿದೆ. ಕುಂಬಳೆಯಲ್ಲಿ ಹೈವೇ ಬದಿಯ ಲಾಡ್ಜ್, 12 ರೂಮು, ಐದು ವರ್ಷದ ಲೀಸು. ಕರೆಂಟು, ವೈಫೈ, ಲಾಂಡ್ರಿ, ಆ್ಯಪಿನವರ ಕಮಿಷನ್ ಎಲ್ಲ ಬರೆದಿದ್ದೀ. ಆದರೆ ಕ್ಲೀನಿಂಗ್ ಅನ್ನುವ ಸಾಲಿನ ಎದುರು ಸೊನ್ನೆ. ರಾತ್ರಿ ರಿಸೆಪ್ಶನ್ ಎದುರೂ ಸೊನ್ನೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಮನೆಯವರೇ’ ಎಂದು ಹಾಕಿದ್ದೀ. ಆ ಎರಡು ಸೊನ್ನೆ ನೋಡಿಯೇ ಈ ಪತ್ರ ಬರೆಯಲು ಕುಳಿತೆ.

ಮನೆಯವರು ಅಂದರೆ ನಿನ್ನ ಹೆಂಡತಿ. ಅವಳಿಗೆ ಕೈಸೋತಾಗ, ನಿಮ್ಮಲ್ಲಿ ಪಾತ್ರೆ ತೊಳೆಯಲು ಬರುವ ಅಕ್ಕ. ನೀನು ಗಲ್ಲಾದಲ್ಲಿ ಕೂರುತ್ತೀ. ಅಲ್ವಾ?

ಲೆಕ್ಕ ನಾನು ಇನ್ನೊಮ್ಮೆ ಹಾಕಿದೆ. ವರ್ಷವಿಡೀ ಅರ್ಧದಷ್ಟು ರೂಮು ತುಂಬುತ್ತವೆ ಎಂದಿದ್ದೀ. ಮಳೆಗಾಲ ನೆನಪಿಸಿಕೊಂಡರೆ ಅದೇ ಜಾಸ್ತಿ ಆಸೆ. ಇರಲಿ. ದಿನಕ್ಕೆ 6 ರೂಮು, 1,200ರಂತೆ 7,200. ತಿಂಗಳಿಗೆ 2,16,000. ಎಲ್ಲ ಖರ್ಚು ಕಳೆದು 35,000 ಉಳಿಯುತ್ತದೆ ಎಂದು ತೋರಿಸಿದ್ದೀ. ಈಗ ಒಂದು ರೂಮಿನ ಶೀಟು ಬದಲಿಸಿ, ಬಾತ್‌ರೂಮ್ ಉಜ್ಜಿ, ಗುಡಿಸಿ ಒರೆಸಲು ಮುಕ್ಕಾಲು ಗಂಟೆ ಹಿಡಿ. ಆರು ರೂಮಿಗೆ ನಾಲ್ಕೂವರೆ ಗಂಟೆ. ಮೆಟ್ಟಿಲು, ಕಾರಿಡಾರು, ಬಟ್ಟೆ ಮಡಚುವುದು ಸೇರಿದರೆ ಒಬ್ಬರ ಪೂರ್ತಿ ದಿನದ ಕೆಲಸ. ಹೊರಗಿನವರನ್ನು ಕರೆದರೆ ದಿನಕ್ಕೆ 600 ಕೊಡಬೇಡವೇ? ತಿಂಗಳಿಗೆ 18,000 ಆಯಿತು. ರಾತ್ರಿ ಕೂರುವ ಹುಡುಗನಿಗೆ 15,000 ಇಡು. ಉಳಿದದ್ದು 2,000. ನೀನು ಲಾಭ ಎಂದು ಬರೆದದ್ದು ಇಬ್ಬರಿಗೆ ಕೊಡದೆ ಉಳಿಸಿದ ಸಂಬಳ.

ಅಮೆರಿಕದ ಪಟೇಲರ ಉದಾಹರಣೆ ಕೊಟ್ಟಿದ್ದೀ. ಅಲ್ಲಿನ ಮೊಟೆಲುಗಳಲ್ಲಿ ಸುಮಾರು ಅರ್ಧ ಭಾರತೀಯ ಮೂಲದವರದ್ದು, ಅವರಲ್ಲಿ ಹೆಚ್ಚಿನವರು ಗುಜರಾತಿಗಳು ಅನ್ನುವುದು ನಿಜ. ಆಫೀಸಿನ ಹಿಂದಿನ ಕೋಣೆಯಲ್ಲೇ ಸಂಸಾರ. ಗಂಡ ಕೌಂಟರಿನಲ್ಲಿ, ಹೆಂಡತಿ ಶೀಟು ಒಗೆಯುವಲ್ಲಿ, ಶಾಲೆಯಿಂದ ಬಂದ ಮಕ್ಕಳು ಟವೆಲು ಮಡಚುವಲ್ಲಿ. ಸುಮ್ನೆ ಮೇಲೆ ಬಂದವರಲ್ಲ ಅವರು. ಇನ್ಶೂರೆನ್ಸ್ ಕಂಪನಿಗಳು ಪಾಲಿಸಿ ಕೊಡಲು ಹಿಂದೇಟು ಹಾಕಿದವು. ಪಕ್ಕದ ಮೊಟೆಲಿನವರು ‘ಇದು ಅಮೆರಿಕನ್ನರದು’ ಎಂದು ಬೋರ್ಡು ತೂಗಿಸಿ ಗಿರಾಕಿ ಸೆಳೆದರು. 1989ರಲ್ಲಿ ಅವರೆಲ್ಲ ಸೇರಿ ಏಷ್ಯನ್ ಅಮೆರಿಕನ್ ಹೋಟೆಲ್ ಮಾಲೀಕರ ಸಂಘ ಕಟ್ಟಿದ್ದು ಇಂಥದ್ದನ್ನೆಲ್ಲ ಎದುರಿಸಲಿಕ್ಕೇ.

ಆದರೆ ಒಂದು ವಿಷಯ ನೀನು ಬಿಟ್ಟೆ. ಅವರು ಕಟ್ಟಡವನ್ನೇ ಕೊಳ್ಳುತ್ತಿದ್ದರು. ಹೆಂಡತಿ ಮಕ್ಕಳು ದುಡಿದದ್ದು ಸಾಲ ತೀರಿಸಿ ಆಸ್ತಿಯಾಯಿತು. ನಿನ್ನದು ಲೀಸು. ಐದು ವರ್ಷ ನಿನ್ನ ಹೆಂಡತಿ ಬಾತ್‌ರೂಮ್ ಉಜ್ಜಿ ಲಾಡ್ಜಿಗೆ ಒಳ್ಳೆ ಹೆಸರು ತಂದರೆ, ಆರನೇ ವರ್ಷ ಬಾಡಿಗೆ ಏರಿಸುವವರು ಕಟ್ಟಡದ ಧಣಿಗಳು. ಅವಳ ಕೈಗೆ ಏನು ಬಂತು? ಅವಳ ಬಿ.ಎಡ್. ಸರ್ಟಿಫಿಕೇಟು ಕಪಾಟಿನಲ್ಲಿದೆ. ನಮ್ಮ ಕನ್ನಡ ಶಾಲೆಗಳಲ್ಲಿ ಕನ್ನಡ ಬಲ್ಲ ಟೀಚರು ಬೇಕೆಂದು ಊರವರು ಎಷ್ಟು ಸಲ ಕೂಗು ಹಾಕಿಲ್ಲ? ಲಾಡ್ಜಿನಲ್ಲಿ ದುಡಿಯಲು ಅವಳಿಗೇ ಮನಸ್ಸಿದ್ದರೆ ದುಡಿಯಲಿ. ಪ್ರತಿ ತಿಂಗಳು ಅವಳ ಹೆಸರಿನ ಖಾತೆಗೆ ಸಂಬಳ ಹೋಗಬೇಕು. ವ್ಯಾಪಾರ ನಷ್ಟದಲ್ಲಿದ್ದ ತಿಂಗಳೂ ಹೋಗಬೇಕು. ಆಗಲೇ ನಿನಗೆ ನಷ್ಟ ಎಷ್ಟು ಅಂತ ಕಣ್ಣಿಗೆ ಕಾಣುವುದು.

ಇನ್ನು ಪಾತ್ರೆ ತೊಳೆಯಲು ಬರುವ ಆ ಅಕ್ಕನ ವಿಷಯ. ನಾನು ಹುಟ್ಟಿದ ಮನೆಯಲ್ಲಿ ಕೆಲಸದವರಿಗೆ ಜಗಲಿಯ ಕೆಳಗೆ ತೆಂಗಿನ ಗೆರಟೆಯಲ್ಲಿ ಕಾಫಿ ಹೊಯ್ಯುತ್ತಿದ್ದರು. 1970ರಲ್ಲಿ ಕೇರಳದಲ್ಲಿ ಗೇಣಿ ಪದ್ಧತಿಯೇ ರದ್ದಾಯಿತು, ಒಕ್ಕಲಿನವರು ಭೂಮಿಯ ಯಜಮಾನರಾದರು. ಗೆರಟೆ ಹೋಗಿ ಸ್ಟೀಲ್ ಲೋಟ ಬಂತು, ಆದರೆ ಆ ಲೋಟ ಇವತ್ತಿಗೂ ಬೇರೆಯೇ. ನಿಮ್ಮ ಅಡುಗೆಮನೆಯ ಕಿಟಕಿಯಲ್ಲೂ ಒಂದು ಕವುಚಿ ಇಟ್ಟಿದೆ, ನೋಡಿದ್ದೇನೆ. ನಮ್ಮೂರಿನ ಎಷ್ಟೋ ಹೆಂಗಸರು ಬೀಡಿ ಕಟ್ಟಿ ಬೆನ್ನು ಬಗ್ಗಿದರೂ ಮನೆಕೆಲಸಕ್ಕೆ ಹೋಗುತ್ತಿರಲಿಲ್ಲ. ಬೀಡಿಗೆ ಕಾರ್ಡು ಇತ್ತು, ಪಿ.ಎಫ್. ಇತ್ತು, ಯೂನಿಯನ್ ಇತ್ತು. ಯಾರೂ ಅವರನ್ನು ಹೆಸರು ಬಿಟ್ಟು ಕೂಗುತ್ತಿರಲಿಲ್ಲ.

ಆ ಅಕ್ಕ ಮನೆಗೆ ಬರುವುದು ಎರಡು ಗಂಟೆಯ ಕೆಲಸಕ್ಕೆ. ‘ಹಾಗೇ ಲಾಡ್ಜಿಗೂ ಒಂದು ಸುತ್ತು ಬಾ’ ಎನ್ನಬೇಡ. ಅವಳಿಗೆ ಇಲ್ಲ ಎನ್ನಲಾಗುವುದಿಲ್ಲ, ಮಗಳ ಮದುವೆಗೆ ನಿನ್ನಿಂದ ಮುಂಗಡ ತೆಗೆದುಕೊಂಡಿದ್ದಾಳೆ. ಲಾಡ್ಜಿನ ಕೆಲಸಕ್ಕೆ ಬೇರೆ ಮಾತು, ಬೇರೆ ಕೂಲಿ. ಗಿರಾಕಿ ಒಳಗಿರುವ ರೂಮಿಗೆ ಯಾವ ಹೆಂಗಸನ್ನೂ ಒಬ್ಬಳೇ ಕಳಿಸಬೇಡ. ಏನಾದರೂ ಆದರೆ ಹತ್ತು ಜನರಿಗಿಂತ ಕಡಿಮೆ ಇರುವಲ್ಲಿಯ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ 2013ರ ಆ ಕಾನೂನು ಮನೆಕೆಲಸದವರಿಗೂ ಅನ್ವಯಿಸುತ್ತದೆ. ಇದನ್ನು ಅವಳಿಗೆ ನೀನೇ ಹೇಳಿಡು.

ರಾತ್ರಿ ಕೂರುವ ಹುಡುಗ ಅಸ್ಸಾಮಿನವನೋ ಬಂಗಾಳದವನೋ ಆಗಿರುತ್ತಾನೆ. ನಮ್ಮೂರ ಹುಡುಗರು ದುಬೈಯಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ, ಇಲ್ಲಿ ಮಾಡುವುದಿಲ್ಲ. ಅವನಿಗೆ ಮೆಟ್ಟಿಲಡಿಯಲ್ಲಿ ಚಾಪೆ ಹಾಸಿ ಕೊಡಬೇಡ, ಫ್ಯಾನ್ ಇರುವ ಕೋಣೆ ಕೊಡು. ನಿನ್ನಲ್ಲಿ ಹತ್ತು ಜನ ಕೆಲಸದವರಿಲ್ಲ, ಹಾಗಾಗಿ ಇಎಸ್‌ಐ, ಅಂದರೆ ಕೆಲಸದವರ ಆರೋಗ್ಯ ವಿಮೆ, ಕಡ್ಡಾಯವಲ್ಲ. ಆದರೆ ಹೊರರಾಜ್ಯದವರಿಗೆ ಕೇರಳ ಸರ್ಕಾರದ ‘ಆವಾಸ್’ ವಿಮೆ ಇದೆ. ಲೇಬರ್ ಆಫೀಸಿಗೆ ಕರೆದುಕೊಂಡು ಹೋಗಿ ಹೆಸರು ಬರೆಸು. ಕೌಂಟರಿನ ಹಿಂದೆ ಕುರ್ಚಿ ಇರಲಿ. ಅಂಗಡಿ ಕೆಲಸದವರಿಗೆ ಕುಳಿತುಕೊಳ್ಳುವ ಹಕ್ಕು ಈ ರಾಜ್ಯದ ಕಾನೂನಿಗೆ ಸೇರಿದ್ದು 2018ರಲ್ಲಿ. ಕಲ್ಲಿಕೋಟೆಯ ಬಟ್ಟೆ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಜಗಳ ಆಡಿ ತಂದದ್ದು ಅದು.

ಗಿರಾಕಿ ಆ್ಯಪಿನಲ್ಲಿ ಒಂದು ಸ್ಟಾರ್ ಕೊಡುತ್ತೇನೆ ಎಂದು ಹೆದರಿಸಿದಾಗ ಹುಡುಗನನ್ನು ಎಲ್ಲರೆದುರು ಬೈದು ಗಿರಾಕಿಯನ್ನು ಸಮಾಧಾನ ಮಾಡುವ ಧಣಿಗಳು ಬೇಕಾದಷ್ಟಿದ್ದಾರೆ. ಮುಂಬೈಯಲ್ಲಿ ನಾನು ಟೇಬಲ್ ಒರೆಸುತ್ತಿದ್ದಾಗ ಅಂಥವರನ್ನೂ ಕಂಡಿದ್ದೇನೆ, ಏಳು ಗಂಟೆಗೆ ‘ಹೋಗು, ಸ್ಕೂಲಿಗೆ ಹೊತ್ತಾಯಿತು’ ಎಂದು ಗದರಿಸಿ ಕಳಿಸುವವರನ್ನೂ ಕಂಡಿದ್ದೇನೆ. ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹೋಟೆಲ್ ಹುಡುಗರು ಆಮೇಲೆ ಬ್ಯಾಂಕು ಸೇರಿದರು, ಸ್ವಂತ ಹೋಟೆಲ್ ಇಟ್ಟರು. ಕಳಿಸಿದ ಧಣಿಗಳಿಗೆ ಕೆಲಸದವರ ಬರ ಬಂದದ್ದು ನಾನಂತೂ ನೋಡಿಲ್ಲ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ವ್ಯಾಪಾರ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ರಿಜಿಸ್ಟ್ರೇಶನ್ ಬೇಕು. ನಿನ್ನ ಲೆಕ್ಕದಲ್ಲೇ ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ತೆರಿಗೆ 5 ಪರ್ಸೆಂಟ್. ಆದರೆ ಲಾಡ್ಜಿಗೆಂದು ಕೊಂಡ ಶೀಟು, ಸೋಪಿಗೆ ಕಟ್ಟಿದ ತೆರಿಗೆಯನ್ನು ನೀನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಸಾವಿರದೊಳಗಿನ ರೂಮಿಗೆ ತೆರಿಗೆ ಇಲ್ಲ ಎಂದು ಹಳಬರು ಹೇಳಿಯಾರು, ಆ ರಿಯಾಯಿತಿ 2022ರ ಜುಲೈಯಲ್ಲೇ ಹೋಯಿತು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ವರದಿ ಹಾಕಬೇಕು.

ಗಿರಾಕಿ ಯಾರು ಅಂತಲೂ ಯೋಚಿಸು. ಬೇಕಲ ಕೋಟೆ ನೋಡಲು ಬಂದವರು ಬೇಕಲದ ಹತ್ತಿರವೇ ಉಳಿಯುತ್ತಾರೆ. ನಿನಗೆ ಸಿಗುವವರು ಕೊಲ್ಲೂರಿಗೆ ಹೋಗುವ ಮಲಯಾಳಿ ಭಕ್ತರು, ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುವ ರೋಗಿಗಳ ಮನೆಯವರು. ಈ ಎರಡನೆಯವರು ದುಡ್ಡು ಎಣಿಸಿ ಖರ್ಚು ಮಾಡುವವರು, ರಾತ್ರಿ ಹೊತ್ತು ಬಿಸಿನೀರು, ಗಂಜಿ ಕೇಳುತ್ತಾರೆ. ಅವರಿಗೊಂದು ಕಡಿಮೆ ರೇಟು ಇಡು. ತಲಪಾಡಿಯಿಂದ ಚೆಂಗಳದವರೆಗೆ ರಸ್ತೆ ಆರು ಪಥ ಆದ ಮೇಲೆ ಗಾಡಿಗಳು ನಿಲ್ಲದೆ ಓಡುತ್ತವೆ. ಕಾಸರಗೋಡಿನಿಂದ ಬರುವವನು ನಿನ್ನ ಬೋರ್ಡು ಕಂಡ ಮೇಲೆ ಸರ್ವಿಸ್ ರೋಡಿಗೆ ಇಳಿಯಲು ಜಾಗ ಎಲ್ಲಿದೆ, ಅಂಡರ್‌ಪಾಸ್ ಎಷ್ಟು ದೂರ, ನೀನೇ ರಾತ್ರಿ ಬೈಕಿನಲ್ಲಿ ಹೋಗಿ ನೋಡಿ ಬಾ.

ಲೀಸಿನ ಕರಾರಿನ ಕಾಪಿ ನನಗೆ ಕಳಿಸು. ಏಪ್ರಿಲ್ ಮೇಯಲ್ಲಿ ಅಲ್ಲಿನ ಬಾವಿ ನೀರು ಉಪ್ಪಾಗುತ್ತದೋ ಎಂದು ಪಕ್ಕದ ಮನೆಯವರಲ್ಲಿ ಕೇಳು, ಧಣಿಗಳಲ್ಲಿ ಕೇಳಬೇಡ. ಟ್ಯಾಂಕರ್ ನೀರಿನ ಖರ್ಚು ಯಾರದ್ದು ಎಂದು ಕಾಗದದಲ್ಲಿ ಬರೆಯುವವರೆಗೆ ಅಡ್ವಾನ್ಸ್ ಕೊಡಬೇಡ. ನಿನ್ನ ಅಮ್ಮನ ಮಂಡಿನೋವಿನ ಎಣ್ಣೆ ತಂದಿಟ್ಟಿದ್ದೇನೆ, ಈ ಕಡೆ ಬಂದಾಗ ತೆಗೆದುಕೊಂಡು ಹೋಗು.

ಇತಿ,
ನಿನ್ನ ಮಾವ