ಚಂದದ ದಿನ ನೋಡಿ ಮನೆ ತಗೋಬೇಡ, ಪುಟ್ಟಿ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಹೇಳಿದೆ. "ಯಾವ ಜಿಲ್ಲೆ ಅನ್ನೋದು ತೀರ್ಮಾನ ಆಯ್ತು ದೊಡ್ಡಮ್ಮ, ಇನ್ನು ಮನೆ ಹುಡುಕೋದಷ್ಟೇ ಬಾಕಿ." ಆಗ ನಾನು ಏನೂ ಹೇಳಲಿಲ್ಲ. ಅಳಿಯಂದಿರೂ ಪಕ್ಕದಲ್ಲೇ ಇದ್ದರು, ಇಬ್ಬರ ದನಿಯಲ್ಲೂ ಅಷ್ಟೊಂದು ಖುಷಿ ಇತ್ತು. ಆದರೆ ಫೋನ್ ಇಟ್ಟಾಗಿನಿಂದ ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಬರೆಯಲು ಕೂತೆ. ಬಾಯಲ್ಲಿ ಹೇಳಿದರೆ ನೀನು "ಹ್ಞೂಂ, ಹ್ಞೂಂ" ಅಂದು ಮುಗಿಸಿಬಿಡುತ್ತೀಯ.

ಹಳ್ಳಿಗಾಡಿನ ಅಷ್ಟು ದೊಡ್ಡ ಜಿಲ್ಲೆಯನ್ನು ಒಂದೇ ಊರು ಅಂತ ತಿಳಿಯಬೇಡ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ, ನಡುವೆ ಬಯಲು, ಅಂಚಿನಲ್ಲಿ ಒಂದು ಸಣ್ಣ ಪೇಟೆ. ನಾನೂ ನಿನ್ನ ದೊಡ್ಡಪ್ಪನೂ 26 ವರ್ಷದಲ್ಲಿ ಒಂದೇ ಜಿಲ್ಲೆಯೊಳಗೆ ಮೂರು ಮನೆ ಕಂಡವರು. ಮೊದಲನೆಯದಕ್ಕೂ ಮೂರನೆಯದಕ್ಕೂ 22 ಕಿಲೋಮೀಟರ್ ದೂರ ಅಷ್ಟೇ. ನೀರು ಬೇರೆ, ಗಾಳಿ ಬೇರೆ, ನಿದ್ದೆ ಕೂಡ ಬೇರೆ.

ಮೊದಲನೆಯದು ಹೊಳೆ ಪಕ್ಕದ ಮನೆ. ಬೇಸಿಗೆಯ ಒಂದು ಸಂಜೆ ನೋಡಲು ಹೋಗಿದ್ದೆವು. ಹೊಳೆ ಎಲ್ಲೋ ಕೆಳಗೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಗೋಡೆಗೆಲ್ಲ ಹೊಸ ಬಣ್ಣ. ನನಗೆ ಒಂದೇ ಒಂದು ವಿಚಿತ್ರ ಕಂಡಿತು. ಕೋಣೆಗಳಲ್ಲಿ ಪ್ಲಗ್ ಪಾಯಿಂಟುಗಳೆಲ್ಲ ನನ್ನ ಎದೆಮಟ್ಟಕ್ಕಿದ್ದವು. "ಮಕ್ಕಳ ಕೈಗೆ ಸಿಗಬಾರದು ಅಂತ" ಅಂದರು ಮಾರುವವರು. ಎಂಥಾ ಮುಂದಾಲೋಚನೆ ಅಂತ ನಾನು ಮೆಚ್ಚಿಕೊಂಡೆ ಬೇರೆ! ಮೂರನೇ ವರ್ಷದ ಮಳೆಗೆ ನೀರು ಒಳಗೆ ಬಂದು ಮಂಡಿ ದಾಟಿ ನಿಂತಾಗ ಗೊತ್ತಾಯಿತು ಆ ಪ್ಲಗ್ಗುಗಳ ಕಥೆ. ನೀರಿಳಿದ ಮೇಲೆ, ಗೋಡೆಗೇ ಹೊಡೆದಿದ್ದ ಮರದ ಬೀರು ಕಿತ್ತೆವು. ಅದರ ಹಿಂದೆ ಯಾರೂ ಬಣ್ಣ ಬಳಿದಿರಲಿಲ್ಲ. ಹಳೇ ಸುಣ್ಣದ ಮೇಲೆ ಒಂದು ಕಂದು ಗೆರೆ, ನಮ್ಮ ಹೊಸ ಗೆರೆಗಿಂತ ಒಂದು ಗೇಣು ಮೇಲೆ.

ಅದಕ್ಕೇ ಹೇಳುತ್ತೇನೆ, ಹೊಳೆ ಹತ್ತಿರದ ಮನೆಯಲ್ಲಿ ಮೊದಲು ಬೀರುವಿನ ಹಿಂದೆ ನೋಡು. ಮೆಟ್ಟಿಲ ಕೆಳಗೆ ನೋಡು. "ಇಲ್ಲಿ ನೆರೆ ನೂರು ವರ್ಷಕ್ಕೊಮ್ಮೆ ಬರುತ್ತೆ, ಹೋದ ಸಲ ಬಂದಾಯ್ತು" ಅಂತ ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡ. ಆ ಮಾತಿನ ಅರ್ಥ, ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಾಧ್ಯತೆ ಇದೆ ಅಂತ. ಹೋದ ವರ್ಷ ಬಂದಿದ್ದರೂ ಈ ವರ್ಷ ಅಷ್ಟೇ. ನೀವು 30 ವರ್ಷದ ಸಾಲ ಮಾಡಿದರೆ, ಅದು ತೀರುವಷ್ಟರಲ್ಲಿ ಒಮ್ಮೆಯಾದರೂ ನೀರು ಬರುವ ಸಾಧ್ಯತೆ ನೂರಕ್ಕೆ 26. ಮುಂಗಡ ಕೊಡುವ ಮುಂಚೆ ವಿಮೆಯವರನ್ನು ಕೇಳಿಬಿಡು, ಆ ಜಾಗಕ್ಕೆ ಪಾಲಿಸಿ ಕೊಡುತ್ತಾರಾ ಅಂತ. ಅವರು ಮುಖ ತಿರುಗಿಸಿದರೆ ನೀನೂ ತಿರುಗಿಸು.

ಇನ್ನೊಂದು, ತಗ್ಗಿನ ಚಳಿ. ಮೇಲೆ ಹೋದಷ್ಟೂ ಚಳಿ ಅಂತಲ್ವಾ ನಾವೆಲ್ಲ ತಿಳಿದಿರೋದು? ಸರಾಸರಿಗೆ ಅದು ನಿಜ, ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಆದರೆ ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ತಣ್ಣನೆ ಗಾಳಿ ಭಾರವಾಗಿ, ನೀರಿನ ಹಾಗೆಯೇ ಇಳಿಜಾರಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಮಂಜೂ ಅಲ್ಲೇ ಕೂರುತ್ತದೆ. ಅದೇ ಗುಡ್ಡದ ಅರ್ಧಕ್ಕಿರುವ ಮನೆ ಬೆಚ್ಚಗಿರುತ್ತದೆ. ಆ ಹೊಳೆ ಮನೆಯಲ್ಲಿ ಚಳಿಗಾಲದಲ್ಲಿ ಹತ್ತು ಗಂಟೆಯಾದರೂ ಬಟ್ಟೆ ಒಣಹಾಕುವ ಹಾಗಿರಲಿಲ್ಲ.

ನೀರಿಗೆ ಹೆದರಿ ಗುಡ್ಡ ಹತ್ತಿದೆವು. ಅಲ್ಲಿ ನೀರೇ ಇರಲಿಲ್ಲ.

ನೀನು ಕಳಿಸಿದ ಫೋಟೋಗಳಲ್ಲಿ ಮೊದಲನೆಯದು, ನೆತ್ತಿ ಮೇಲಿನ ಮನೆ, ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಥೇಟ್ ನಮ್ಮ ಎರಡನೇ ಮನೆ. ಜಗಲಿಯಲ್ಲಿ ಕೂತರೆ ಅರ್ಧ ಜಿಲ್ಲೆ ಕಾಣುತ್ತದೆ. ನೋಡಲು ಹೋದ ದಿನ ಮಾಲೀಕರು ನಲ್ಲಿ ತಿರುಗಿಸಿದರು, ನೀರು ಧೋ ಅಂತ ಬಂತು. ಬೋರ್‌ವೆಲ್ ನೀರು ಅಂದರು. ಆಮೇಲೆ ನೋಡಿದರೆ ಅದು ತಾರಸಿ ಮೇಲಿನ ಟ್ಯಾಂಕಿನ ನೀರು, ಹಿಂದಿನ ರಾತ್ರಿಯೆಲ್ಲ ತೊಟ್ಟು ತೊಟ್ಟಾಗಿ ತುಂಬಿಸಿದ್ದು. ಟ್ಯಾಂಕ್ ತಪ್ಪಿಸಿ ಪಂಪಿನ ಪೈಪಿಗೇ ಬಕೆಟ್ ಹಿಡಿದಾಗ ಮೊದಲ ಬಕೆಟ್ 40 ಸೆಕೆಂಡಿನಲ್ಲಿ ತುಂಬಿತು. ಮುಕ್ಕಾಲು ಗಂಟೆ ಹೋಗುವಷ್ಟರಲ್ಲಿ ಪೈಪು ಎರಡು ಸಲ ಕೆಮ್ಮಿತು, ಕೆಂಪು ಕೆಸರು ಉಗುಳಿತು, ನಿಂತಿತು. ನಾವು ಹಾಗೆ ಅಳೆದದ್ದು ಮನೆ ಕೊಂಡು ಐದು ತಿಂಗಳಾದ ಮೇಲೆ. ಬುದ್ಧಿ ಬಂದಿದ್ದು ತಡ.

ನೀನು ಹಾಗೆ ಮಾಡಬೇಡ. ಬೇಸಿಗೆಯ ಕೊನೆಯಲ್ಲಿ ಹೋಗು. 20 ಲೀಟರಿನ ಬಕೆಟ್ ಹಿಡಿ, ಗಡಿಯಾರ ನೋಡು. ಪಂಪು ಎರಡು ಗಂಟೆ ಓಡಲಿ, ಮತ್ತೆ ಹಿಡಿ. ಎರಡು ಸಲದ ಲೆಕ್ಕ ಹತ್ತಿರಹತ್ತಿರ ಇದ್ದರೆ ಸರಿ. ಅಕ್ಕಪಕ್ಕದವರನ್ನು ಕೇಳು, ಅವರ ಬೋರ್ ಎಷ್ಟು ಆಳ, ಯಾವಾಗ ಮತ್ತೆ ಆಳ ಮಾಡಿಸಿದರು ಅಂತ. ಸುತ್ತಲಿನವರೆಲ್ಲ ಮತ್ತೆ ಮತ್ತೆ ಕೊರೆಸುತ್ತಿದ್ದರೆ ನಿನ್ನದೂ ಅದೇ ಹಣೆಬರಹ, ಎಲ್ಲರೂ ಹೀರುವುದು ಹೆಚ್ಚುಕಮ್ಮಿ ಅದೇ ನೆಲದ ನೀರನ್ನಲ್ವಾ?

ನೀರು ಸಾಕಷ್ಟಿದ್ದರೂ ಪರೀಕ್ಷೆ ಮಾಡಿಸದೆ ಒಪ್ಪಬೇಡ. ಮನೆಯಲ್ಲಿ ಆರು ತಿಂಗಳ ಕೂಸಿದೆ. ನಿನ್ನ ಪಟ್ಟಿಯ ಎರಡನೆಯದು, ಬಯಲಿನ ಮನೆ, ಸುತ್ತ ಹೊಲ ಇದೆಯಲ್ಲ, ಅಂಥ ಕಡೆ ಗೊಬ್ಬರದ ನೈಟ್ರೇಟ್ ಬಾವಿಗೆ ಇಳಿಯುತ್ತದೆ. ಲೀಟರಿಗೆ 50 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಾಟಲಿ ಹಾಲು ಕುಡಿಯುವ ಕೂಸಿಗೆ ಇದು ದೊಡ್ಡ ಅಪಾಯ. ರಕ್ತ ಆಮ್ಲಜನಕ ಹೊರಲಾಗದೆ ಮೈ ನೀಲಿಗಟ್ಟುತ್ತದೆ. ಕುದಿಸಿ ಕೊಡ್ತೀನಿ ಬಿಡಿ ಅನ್ನಬೇಡ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಗುಡ್ಡದ ಕಡೆಯಾದರೆ ಫ್ಲೋರೈಡ್, ಆರ್ಸೆನಿಕ್ ಕೂಡ ನೋಡಿಸು. ಅವು ಕಲ್ಲಿನಿಂದಲೇ ಬರುತ್ತವೆ. ನೋಟಕ್ಕೂ ರುಚಿಗೂ ಸಿಗುವುದಿಲ್ಲ. ಹಾಗೆಯೇ ಶೌಚದ ಗುಂಡಿ ಎಲ್ಲಿದೆ ಅಂತ ಕೇಳು. ಬಾವಿಗಿಂತ ಮೇಲ್ಬದಿಯಲ್ಲಿದ್ದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬಾ.

ಈಗ ನೆತ್ತಿ ಮನೆಗೆ ವಾಪಸ್ ಬರುತ್ತೇನೆ, ನಿನಗೆ ಅದರ ಮೇಲೇ ಕಣ್ಣು ಅಂತ ಗೊತ್ತು. ಕಾಡಿನ ಬೆಂಕಿ ಗುಡ್ಡ ಇಳಿಯುವುದಕ್ಕಿಂತ ಹತ್ತುವುದು ಜೋರು. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ಅದರ ಓಟ ಸುಮಾರು ಎರಡರಷ್ಟಾಗುತ್ತದೆ. ಅದು ಹತ್ತಿ ಬಂದು ಮುಟ್ಟುವುದು ನೆತ್ತಿಯನ್ನೇ. ಮನೆಗಿರುವುದು ಒಂದೇ ದಾರಿ, ಅದೂ ಅದೇ ಇಳಿಜಾರಿನಲ್ಲಿ ಅಂದರೆ ಯೋಚನೆ ಮಾಡು. ಹೋಗುವಾಗ ದಾರಿ ಬದಿಯ ಮರಗಳ ಬುಡ ನೋಡು. ಬುಡದಲ್ಲಿ ಬಾಗಿ ಆಮೇಲೆ ನೆಟ್ಟಗಾಗಿದ್ದರೆ, ಕಂಬಗಳು ವಾಲಿದ್ದರೆ, ನೆಲ ನಿಧಾನವಾಗಿ ಜಾರುತ್ತಿರಬಹುದು.

ಆ ದಾರಿ ಯಾರದ್ದು ಅಂತಲೂ ಕೇಳು. ನಮ್ಮದು ನಾಲ್ಕು ಮನೆಯವರ ಖಾಸಗಿ ದಾರಿ. ರಿಪೇರಿಗೆ ಒಬ್ಬರು ದುಡ್ಡು ಕೊಡುತ್ತಿದ್ದರು, ಇಬ್ಬರು ಮುಂದಿನ ತಿಂಗಳು ಅನ್ನುತ್ತಿದ್ದರು, ಇನ್ನೊಬ್ಬರು ಬಾಗಿಲನ್ನೇ ತೆಗೆಯುತ್ತಿರಲಿಲ್ಲ. ಕೊಡುತ್ತಿದ್ದವರು ಯಾರು ಅಂತ ಬೇರೆ ಹೇಳಬೇಕಾ? ಓಡಾಡುವ ಹಕ್ಕು ಪತ್ರದಲ್ಲಿ ಬರೆದಿರಬೇಕು. "ನಮ್ಮಜ್ಜನ ಕಾಲದಿಂದ ಇದೇ ದಾರಿ" ಅನ್ನುವುದು ನಗುಮುಖ ಇರುವ ತನಕ ಮಾತ್ರ ನಡೆಯುತ್ತದೆ. ಕರೆಂಟ್ ಲೈನಿನ ಕಟ್ಟಕಡೆಯ ಮನೆಯೂ ನಮ್ಮದೇ. ಗಾಳಿ ಮಳೆಗೆ ಲೈನ್ ಹೋದರೆ ಮೊದಲು ಜಾಸ್ತಿ ಮನೆಗಳಿರುವ ಕಡೆ ಸರಿ ಮಾಡುತ್ತಾ ಬರುತ್ತಾರೆ, ಅದು ನ್ಯಾಯವೇ. ನಮ್ಮ ಸರದಿ ಬರುವ ಹೊತ್ತಿಗೆ ಮೇಣದಬತ್ತಿ ಮುಗಿದಿರುತ್ತಿತ್ತು.

ಆ ರಾತ್ರಿಯ ಸಂಗತಿ ನಿನಗೆ ಅರ್ಧ ಮಾತ್ರ ಗೊತ್ತು. ಊಟ ಮಾಡುತ್ತಾ ನಿನ್ನ ದೊಡ್ಡಪ್ಪನ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಲೋಟ ಕೈಯಿಂದ ಜಾರಿತು. ಮನೆಯೊಳಗೆ ಸಿಗ್ನಲ್ ಇಲ್ಲ. ದಾರಿಯ ಎರಡನೇ ತಿರುವಿನವರೆಗೆ ಕತ್ತಲಲ್ಲಿ ಓಡಿ ಫೋನ್ ಮಾಡಿದೆ. ಆಂಬುಲೆನ್ಸ್‌ನವರು ಕೆಳಗಿನ ಕವಲಿನಲ್ಲಿ ದಾರಿ ತಪ್ಪಿದರು. ಆಸ್ಪತ್ರೆ 38 ಕಿಲೋಮೀಟರ್, ಮುಟ್ಟುವಾಗ 3 ಗಂಟೆ 10 ನಿಮಿಷ ಕಳೆದಿತ್ತು. ಮಿದುಳಿನಲ್ಲಿ ಕಟ್ಟಿದ ರಕ್ತ ಕರಗಿಸುವ ಆ ಇಂಜೆಕ್ಷನ್, ಪಾರ್ಶ್ವವಾಯುವಿನ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಆಗಬೇಕು, ಬೇಗ ಆದಷ್ಟೂ ಒಳ್ಳೆಯದು. ಸಿಕ್ಕಿತು, ಉಳಿದರು. ಆದರೆ ಅಂಗಿಯ ಗುಂಡಿ ಹಾಕುವಾಗ ಅವರ ಎಡಗೈ ಈಗಲೂ ತಡವರಿಸುತ್ತದೆ. ನಾನು ಆ ಕಡೆ ನೋಡದ ಹಾಗೆ ಇರುತ್ತೇನೆ.

ನಕ್ಷೆಯಲ್ಲಿ ದೂರ ಅಳೆಯಬೇಡ. ಕೆಲಸದ ದಿನ, ಬೆಳಗಿನ ಹೊತ್ತಿಗೆ ನೀವೇ ಕಾರಿನಲ್ಲಿ ಹೋಗಿ ಬನ್ನಿ. ಪೇಟೆಯ ಮನೆಗಿಂತ ದಿನಕ್ಕೆ 80 ನಿಮಿಷ ಜಾಸ್ತಿ ದಾರಿ ಅಂದರೆ, ವರ್ಷಕ್ಕೆ 230 ದಿನದ ಲೆಕ್ಕದಲ್ಲಿ ಸುಮಾರು 307 ಗಂಟೆ. ಹಗಲು ರಾತ್ರಿ ಸೇರಿಸಿ ಹನ್ನೆರಡು ಮುಕ್ಕಾಲು ದಿನ ನೀನು ಸ್ಟೇರಿಂಗ್ ಹಿಡಿದೇ ಕೂತಿರುತ್ತೀಯ. ಅಳಿಯಂದಿರದು ಮನೆಯಿಂದಲೇ ಕೆಲಸವಲ್ಲವಾ, ಅವರು ಪ್ರತಿ ಕೋಣೆಯಲ್ಲೂ ನಿಂತು ಇಂಟರ್ನೆಟ್ ನೋಡಲಿ. ಉಪಗ್ರಹದ ಇಂಟರ್ನೆಟ್ ಇದೆ ಅಂದರೆ ಯಾವ ಬಗೆಯದು ಅಂತ ಕೇಳಲಿ. 36,000 ಕಿಲೋಮೀಟರ್ ಮೇಲಿನದಾದರೆ ಮಾತು ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡ್ ಕಳೆಯುತ್ತದೆ, ಮೀಟಿಂಗಿನಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಾರೆ. ಕೆಳಗೆ ಸುತ್ತುವವು ಪರವಾಗಿಲ್ಲ, ಆದರೆ ಅವಕ್ಕೆ ಮರಗಳ ಅಡ್ಡವಿಲ್ಲದ ಬಯಲು ಆಕಾಶ ಬೇಕು.

ನಿನ್ನ ಮೂರನೇ ಫೋಟೋ ಪೇಟೆ ಅಂಚಿನ ಮನೆ. ಚಂದ ಇಲ್ಲ, ಒಪ್ಪುತ್ತೇನೆ. ಕಿಟಕಿ ತೆಗೆದರೆ ಪಕ್ಕದವರ ಗೋಡೆ. ಆದರೆ ಕೊಳಾಯಿ ನೀರಿದೆ, ಒಳಚರಂಡಿ ಇದೆ, ಆಸ್ಪತ್ರೆ ಹತ್ತು ನಿಮಿಷ. ಕೂಸು ದೊಡ್ಡದಾಗುವ ತನಕ ನಾನಾಗಿದ್ದರೆ ಅದನ್ನೇ ಹಿಡಿಯುತ್ತಿದ್ದೆ. ಗುಡ್ಡದ ಆಸೆ ಬಿಡಲೇ ಆಗಲ್ಲ ಅಂದರೆ ಕೊಳ್ಳಬೇಡ, ಅದೇ ಊರಲ್ಲಿ ಒಂದು ವರ್ಷ ಬಾಡಿಗೆಗಿರು. ಒಂದು ಬೇಸಿಗೆ, ಒಂದು ಮಳೆ, ಒಂದು ಚಳಿ ನೋಡು. ಆಮೇಲೂ ಬೇಕು ಅನ್ನಿಸಿದರೆ ನಾನು ತುಟಿ ಪಿಟಕ್ಕೆನ್ನಲ್ಲ.

ಆ ನೆತ್ತಿ ಮನೆ ಹತ್ತು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆ ಅಂತ ಪತ್ರಗಳಲ್ಲಿ ನೋಡಿದೆಯಾ? ಇಲ್ಲದಿದ್ದರೆ ನೋಡು. ಅಂಚೆಯವರನ್ನೂ ಮಾತಾಡಿಸು. ಜೋರು ಮಳೆಯ ದಿನ ಯಾವ ಮನೆಗೆ ಹೋಗಲು ಆಗುವುದಿಲ್ಲ ಅಂತ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಸಲ ಮನೆ ನೋಡಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗು. ಬಿಸಿಲಿನ ಭಾನುವಾರ ಬೇಡ, ಮಳೆ ಹಿಡಿದ ಒಂದು ಮಂಗಳವಾರವೋ ಬುಧವಾರವೋ ಆಗಲಿ. ಬರುತ್ತೇವೆ ಅಂತ ಮಾಲೀಕರಿಗೆ ಹಿಂದಿನ ದಿನವೇ ತಿಳಿಸಬೇಡ, ಟ್ಯಾಂಕ್ ತುಂಬಿಸಿ ಇಟ್ಟುಬಿಡುತ್ತಾರೆ. ಗೇಟಿನ ಹತ್ತಿರ ಬಂದು ಫೋನ್ ಮಾಡಿದರೆ ಸಾಕು. ಬಕೆಟ್ ನಾನು ತರುತ್ತೇನೆ. ದೊಡ್ಡಪ್ಪ ಗಡಿಯಾರ ಹಿಡಿಯುತ್ತಾರಂತೆ, ಬಲಗೈಯಲ್ಲಿ.

ಕೂಸಿಗೆ ಮುತ್ತು.

ನಿನ್ನ
ದೊಡ್ಡಮ್ಮ